ರಾಡಾರ್‌ಗಳಿಗೆ ಅಳತೆಗೋಲಾದ ಮಳೆಕಾಡು



ಉಪಗ್ರಹಗಳಲ್ಲಿರುವ ರಾಡಾರ್‌ಗಳು ಕೊಡುವ ಅಳತೆಗಳನ್ನು ಒಂದರೊಡನೊಂದು ತಾಳೆ ನೋಡುವುದು ಹೇಗೆ, ಆ ತಾಳೆಗೆ ಉಷ್ಣವಲಯದ ಮಳೆಕಾಡೇ ಯಾಕೆ ಬೇಕಾಯಿತು ಎಂಬುದು ಇಂದಿನ ಉಪನ್ಯಾಸದ ವಿಷಯ. ಬಂಡೀಪುರದ ಮಗ್ಗುಲಲ್ಲಿರುವ ತೆರಕಣಾಂಬಿಯಲ್ಲಿ ಅಮೆಜಾನಿನ ಮಾತು ಯಾಕೆ ಎಂದು ನೀವು ಕೇಳಬಹುದು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಹೋದ, ರಾಡಾರ್ ಹೊತ್ತ ನಿಸಾರ್ ಉಪಗ್ರಹ ಹನ್ನೆರಡು ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಮರಳಿ ಬರುತ್ತದೆ. ಹಾಗೆ ಬರುವಾಗ ಬಂಡೀಪುರದ ಕಾಡು, ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಬಿಳಿಗಿರಿರಂಗನ ಬೆಟ್ಟ, ಇಲ್ಲಿಯ ಅರಿಸಿನ, ಚೆಂಡುಹೂ, ಸಾಂಬಾರ್ ಈರುಳ್ಳಿಯ ಹೊಲಗಳು ಎಲ್ಲವೂ ಅದರ ನೋಟಕ್ಕೆ ಸಿಗುತ್ತವೆ. ಇಷ್ಟು ಹತ್ತಿರದ ನೆಲದ ಬಗ್ಗೆ ಅದು ಹೇಳುವ ಅಂಕಿಯನ್ನು ನಂಬಬೇಕೆ ಬೇಡವೆ ಎಂಬುದು ಒಂದು ಮಟ್ಟಿಗೆ ಬಹುದೂರದ ಒಂದು ಕಾಡಿನಲ್ಲಿ ತೀರ್ಮಾನವಾಗುತ್ತದೆ. ಅದು ಹೇಗೆಂದು ವಿವರಿಸುವುದೇ ನನ್ನ ಉದ್ದೇಶ.

ಮೊದಲು ರಾಡಾರ್ ಏನು ಅಳೆಯುತ್ತದೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಕ್ಯಾಮೆರಾ ಸೂರ್ಯನ ಬೆಳಕನ್ನು ನಂಬಿಕೊಂಡಿರುತ್ತದೆ. ರಾಡಾರ್ ಹಾಗಲ್ಲ. ತಾನೇ ಸೂಕ್ಷ್ಮತರಂಗಗಳನ್ನು ಕೆಳಕ್ಕೆ ಕಳಿಸಿ, ನೆಲದಿಂದ ಚದುರಿ ತನ್ನತ್ತ ಮರಳಿದ ಪಾಲನ್ನು ಹಿಡಿದು ಅಳೆಯುತ್ತದೆ. ಇರುಳಾದರೂ ಮೋಡ ಕವಿದಿದ್ದರೂ ಅದಕ್ಕೆ ಅಷ್ಟಾಗಿ ಅಡ್ಡಿಯಿಲ್ಲ. ಮರಳಿದ ಪಾಲಿಗೆ ಹಿಂಚದುರಿಕೆ ಎನ್ನೋಣ. ಒಂದು ಚದರ ಮೀಟರ್ ನೆಲಕ್ಕೆ ಇಷ್ಟು ಎಂದು ಅದನ್ನು ಲೆಕ್ಕ ಹಾಕಿದಾಗ ಬರುವ ಸಂಖ್ಯೆಗೆ ವಿಜ್ಞಾನಿಗಳು ಸಿಗ್ಮಾ ನಾಟ್ ಎನ್ನುತ್ತಾರೆ. ಅದನ್ನು ಬರೆಯುವುದು ಡೆಸಿಬೆಲ್‌ನಲ್ಲಿ. ಮೂರು ಡೆಸಿಬೆಲ್ ಏರಿದರೆ ಮರಳಿದ ಶಕ್ತಿ ಇಮ್ಮಡಿಯಾಯಿತು ಎಂದರ್ಥ; ಒಂದು ಡೆಸಿಬೆಲ್‌ನ ಐದನೇ ಒಂದು ಭಾಗ ಹೆಚ್ಚಿದರೆ ಸುಮಾರು ಶೇ. 5ರಷ್ಟು ಹೆಚ್ಚಿತು ಎಂದರ್ಥ. ಈ ಕೊನೆಯ ಲೆಕ್ಕ ನೆನಪಿನಲ್ಲಿರಲಿ. ಇಂದಿನ ಚರ್ಚೆಯೆಲ್ಲ ಇಂಥ ಸಣ್ಣ ಭಿನ್ನರಾಶಿಗಳದ್ದೇ.

ಯಾವ ಅಲೆ ಎಂಬುದೂ ಮುಖ್ಯ. ಎರಡು ಸೆಂಟಿಮೀಟರ್ ಆಸುಪಾಸಿನ ಕೆಯು ಪಟ್ಟಿಯ ಅಲೆ ಕಾಡಿನ ನೆತ್ತಿಯ ಎಲೆಗಳಿಗೆ ತಾಗಿ ಅಲ್ಲಿಂದಲೇ ಬಹುಪಾಲು ಮರಳುತ್ತದೆ. ಐದೂವರೆ ಸೆಂಟಿಮೀಟರಿನ ಸಿ ಪಟ್ಟಿಯ ಅಲೆ ಎಲೆ ಮತ್ತು ಕಿರುಕೊಂಬೆಗಳ ನಡುವೆ ಸ್ವಲ್ಪ ಕೆಳಗಿಳಿಯುತ್ತದೆ. ಇಪ್ಪತ್ತನಾಲ್ಕು ಸೆಂಟಿಮೀಟರಿನ ಎಲ್ ಪಟ್ಟಿಯ ಅಲೆ ದೊಡ್ಡ ಕೊಂಬೆ, ಕಾಂಡಗಳವರೆಗೆ ಹೋಗುತ್ತದೆ. 2025ರ ಏಪ್ರಿಲ್‌ನಲ್ಲಿ ಯುರೋಪಿನವರು ಹಾರಿಸಿದ ಬಯೋಮಾಸ್ ಉಪಗ್ರಹದ ಪಿ ಪಟ್ಟಿಯ ಅಲೆ ಸುಮಾರು ಎಪ್ಪತ್ತು ಸೆಂಟಿಮೀಟರ್ ಉದ್ದದ್ದು; ಅದು ದಟ್ಟ ಕಾಡನ್ನೂ ತೂರಿ ಬುಡ ಮುಟ್ಟುತ್ತದೆ. ಆದ್ದರಿಂದ ಒಂದೇ ಕಾಡನ್ನು ನೋಡಿದ ಎರಡು ರಾಡಾರ್‌ಗಳ ಸಂಖ್ಯೆ ಬೇರೆ ಬೇರೆಯಾದರೆ ಒಂದು ತಪ್ಪು, ಇನ್ನೊಂದು ಸರಿ ಎಂದು ತೀರ್ಪು ಕೊಡುವಂತಿಲ್ಲ. ಅವು ನೋಡಿದ್ದೇ ಕಾಡಿನ ಬೇರೆ ಬೇರೆ ಅಂತಸ್ತುಗಳನ್ನು. ತಾಳೆಯ ಪ್ರಶ್ನೆ ನಿಜವಾಗಿ ಏಳುವುದು ಒಂದೇ ಪಟ್ಟಿಯ ಎರಡು ಉಪಕರಣಗಳ ನಡುವೆ, ಇಲ್ಲವೇ ಒಂದೇ ಉಪಕರಣದ ಇಂದಿನ ಮತ್ತು ಐದು ವರ್ಷ ಹಿಂದಿನ ಮಾತಿನ ನಡುವೆ.

ಇಂಥ ತಾಳೆಯ ಅಗತ್ಯವೇನು? ಉಪಗ್ರಹದ ಆಯುಷ್ಯ ಚಿಕ್ಕದು. 1978ರಲ್ಲಿ ಹಾರಿದ ಅಮೆರಿಕದ ಸೀಸ್ಯಾಟ್ ನೂರು ಚಿಲ್ಲರೆ ದಿನಗಳಲ್ಲೇ ವಿದ್ಯುತ್ ದೋಷದಿಂದ ನಿಂತುಹೋಯಿತು. 1996ರಲ್ಲಿ ಜಪಾನಿನ ಉಪಗ್ರಹವನ್ನೇರಿ ಹೋದ ಎನ್‌ಸ್ಕ್ಯಾಟ್ ಉಪಕರಣ ಒಂದು ವರ್ಷ ತುಂಬುವ ಮೊದಲೇ ಮೌನವಾಯಿತು. ಬಾಳಿ ಬದುಕಿದವೂ ಎರಡು ದಶಕ ದಾಟುವುದು ಅಪರೂಪ. ಮುಂಗಾರಿನ ಗಾಳಿಯೋ ಕಾಡಿನ ಸೊರಗುವಿಕೆಯೋ ದಶಕಗಳುದ್ದಕ್ಕೂ ಹೇಗೆ ಬದಲಾಯಿತೆಂದು ತಿಳಿಯಬೇಕಾದರೆ ಹಲವು ಉಪಗ್ರಹಗಳ ದಾಖಲೆಯನ್ನು ಕೂಡಿಸಿ ಹೊಲಿಯಬೇಕು. ಹೊಲಿಗೆ ಬಿದ್ದ ಕಡೆ ಒಂದು ಮೆಟ್ಟಿಲು ಕಂಡರೆ ಅದು ಹವಾಮಾನದ ಮೆಟ್ಟಿಲೋ ಯಂತ್ರದ ಮೆಟ್ಟಿಲೋ ಎಂದು ಬಿಡಿಸಿ ಹೇಳಲು ಆಧಾರ ಬೇಕು. ಉಡಾವಣೆಗೆ ಮುನ್ನ ಪ್ರಯೋಗಾಲಯದಲ್ಲಿ ಎಷ್ಟೇ ಚೆನ್ನಾಗಿ ಅಳೆದಿದ್ದರೂ ರಾಕೆಟ್ಟಿನ ಕುಲುಕಾಟ, ಅಂತರಿಕ್ಷದ ಬಿಸಿಲು ನೆರಳಿನ ಹೊಯ್ದಾಟ, ವಯಸ್ಸು ಇವೆಲ್ಲ ಉಪಕರಣವನ್ನು ಅಷ್ಟಿಷ್ಟು ಬದಲಿಸುತ್ತವೆ. ಮೇಲೆ ಹೋಗಿ ರಿಪೇರಿ ಮಾಡಿ ಬರುವಂತಿಲ್ಲ.

ತರಕಾರಿ ಮಂಡಿಯಲ್ಲಿ ಎರಡು ತಕ್ಕಡಿಗಳ ತೂಕ ತಾಳೆಯಾಗದಿದ್ದರೆ ನಾವು ಮೂಟೆಯ ಜೊತೆ ಜಗಳವಾಡುವುದಿಲ್ಲ. ಸರ್ಕಾರದ ಮುದ್ರೆ ಬಿದ್ದ ತೂಕದ ಕಲ್ಲನ್ನು ಎರಡರಲ್ಲೂ ಇಟ್ಟು ನೋಡುತ್ತೇವೆ. ಅಂತರಿಕ್ಷದ ತಕ್ಕಡಿಗೆ ಅಂಥ ಕಲ್ಲನ್ನು ನೆಲದ ಮೇಲೆಯೇ ಹುಡುಕಬೇಕಾಯಿತು.

ಸೂಕ್ಷ್ಮ ಚಿತ್ರ ಕೊಡುವ ರಾಡಾರ್‌ಗಳಿಗೆ ಒಂದು ಉಪಾಯವಿದೆ. ಮೂರು ಲೋಹದ ಹಲಗೆಗಳನ್ನು ಮೂಲೆಯಾಗಿ ಜೋಡಿಸಿದ ಪ್ರತಿಫಲಕವನ್ನು ಬಯಲಲ್ಲಿ ನಿಲ್ಲಿಸಿದರೆ ಅದು ಎಷ್ಟು ಅಲೆಯನ್ನು ಹಿಂದಿರುಗಿಸಬೇಕೆಂದು ಗಣಿತದಿಂದಲೇ ಗೊತ್ತಿರುತ್ತದೆ. ಕ್ಯಾಲಿಫೋರ್ನಿಯಾದ ರೋಸಮಂಡ್ ಒಣಕೆರೆಯ ಅಂಗಳದಲ್ಲಿ ಇಂಥ ಸಾಲುಗಳನ್ನು ಬಹುಕಾಲದಿಂದ ನಿಲ್ಲಿಸಿದ್ದಾರೆ. ಆದರೆ ಕಡಲ ಗಾಳಿ ಅಳೆಯುವ ಸ್ಕ್ಯಾಟರೋಮೀಟರ್ ಎಂಬ ರಾಡಾರ್ ಒಂದೊಂದು ನೋಟದಲ್ಲಿ ಇಪ್ಪತ್ತೈದು ಕಿಲೋಮೀಟರ್ ಅಗಲದ ತುಂಡನ್ನು ನೋಡುತ್ತದೆ. ಆಳೆತ್ತರದ ಲೋಹದ ಮೂಲೆ ಅದಕ್ಕೆ ಕಾಣುವುದೇ ಇಲ್ಲ. ಅದಕ್ಕೆ ಬೇಕಾದದ್ದು ನೂರಾರು ಕಿಲೋಮೀಟರ್ ಉದ್ದಗಲಕ್ಕೂ ಒಂದೇ ತೆರನಾದ, ಯಾವ ದಿಕ್ಕಿನಿಂದ ನೋಡಿದರೂ ಬದಲಾಗದ, ಋತುವಿನಿಂದ ಋತುವಿಗೆ ಹೆಚ್ಚು ಕದಲದ ನೆಲ.

ಕಡಲು ಗಾಳಿಗೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಮರುಭೂಮಿಯಲ್ಲಿ ಮರಳ ದಿಣ್ಣೆಗಳಿಗೆ ದಿಕ್ಕಿದೆ. ಪಕ್ಕ ಬದಲಿಸಿ ನೋಡಿದರೆ ಸಂಖ್ಯೆಯೂ ಬದಲಾಗುತ್ತದೆ. ಹಿಮದ ಹಾಳೆ ಬೇಸಗೆಯಲ್ಲಿ ಮೇಲ್ಮೈ ಕರಗಿದೊಡನೆ ಬೇರೆಯೇ ವಸ್ತುವಾಗಿಬಿಡುತ್ತದೆ. ಸೀಸ್ಯಾಟಿನ ಅಲ್ಪಾಯುಷಿ ದತ್ತಾಂಶವನ್ನು ಪರಿಶೀಲಿಸಿದವರು ಕಂಡುಕೊಂಡದ್ದೆಂದರೆ, ಅಮೆಜಾನ್ ಮಳೆಕಾಡು ಈ ಮೂರೂ ದೋಷಗಳಿಂದ ಬಹುಮಟ್ಟಿಗೆ ದೂರ. ದಟ್ಟ ಮೇಲಾವರಣದಲ್ಲಿ ಎಲೆಗಳು ಎಲ್ಲ ಕೋನಗಳಲ್ಲೂ ಇರುತ್ತವೆ. ಅಲೆ ಅವುಗಳ ನಡುವೆ ಅಡ್ಡಾದಿಡ್ಡಿ ಚದುರಿ ಮರಳುವುದರಿಂದ ಪೂರ್ವದಿಂದ ನೋಡಿದರೂ ಪಶ್ಚಿಮದಿಂದ ನೋಡಿದರೂ ಸಿಗುವುದು ಒಂದೇ ಉತ್ತರ. ಅಲೆ ಬೀಳುವ ಕೋನಕ್ಕೆ ತಕ್ಕಂತೆ ಸಿಗ್ಮಾ ನಾಟ್ ಬದಲಾಗುತ್ತದೆ ನಿಜ. ಆದರೆ ಅದನ್ನು ಆ ಕೋನದ ಕೊಸೈನ್‌ನಿಂದ ಭಾಗಿಸಿದರೆ ಬರುವ ಗ್ಯಾಮಾ ನಾಟ್ ಎಂಬ ಸಂಖ್ಯೆ ಹೆಚ್ಚುಕಡಿಮೆ ಸಮತಟ್ಟಾಗಿ ನಿಲ್ಲುತ್ತದೆ. ಸಿ ಪಟ್ಟಿಯಲ್ಲಿ ಅಮೆಜಾನಿನ ಗ್ಯಾಮಾ ನಾಟ್ ಸುಮಾರು ಮೈನಸ್ 6.5 ಡೆಸಿಬೆಲ್. 1991ರ ಇಆರ್‌ಎಸ್-1ರ ಕಾಲದಿಂದ ಇಂದಿನ ಸೆಂಟಿನೆಲ್-1 ಸರಣಿಯವರೆಗೆ ರಾಡಾರ್ ಎಂಜಿನಿಯರುಗಳಿಗೆ ಇದು ಮನೆ ವಿಳಾಸದಷ್ಟು ಪರಿಚಿತ.

ಈ ಸಮತಟ್ಟಿನಿಂದ ಇನ್ನೊಂದು ಲಾಭವೂ ಉಂಟು. ಉಪಗ್ರಹದ ಆಂಟೆನಾ ತನ್ನ ಇಡೀ ಪಟ್ಟಿಯ ಮೇಲೆ ಸಮನಾಗಿ ಅಲೆ ಚೆಲ್ಲುವುದಿಲ್ಲ. ನಡುವೆ ಹೆಚ್ಚು, ಅಂಚಿನಲ್ಲಿ ಕಡಿಮೆ. ಅಮೆಜಾನಿನ ಮೇಲೆ ಹಾದಾಗ ಕಾಡು ಎಲ್ಲೆಡೆ ಒಂದೇ ಆಗಿರುವುದರಿಂದ ಚಿತ್ರದಲ್ಲಿ ಕಾಣುವ ಏರಿಳಿತ ಆಂಟೆನಾದ್ದೇ ಎಂದು ಹಿಡಿದು, ಅದನ್ನು ಎಲ್ಲ ಚಿತ್ರಗಳಿಂದಲೂ ತೆಗೆದುಹಾಕಬಹುದು. ಬಂಡೀಪುರದ ಚಿತ್ರದ ಒಂದು ಅಂಚು ಇನ್ನೊಂದಕ್ಕಿಂತ ಮಂಕಾಗಿ ಕಾಣದಿರುವುದಕ್ಕೆ ಬ್ರೆಜಿಲ್‌ನ ಮರಗಳಿಗೂ ಒಂದಿಷ್ಟು ಋಣ ಸಲ್ಲಬೇಕು.

ನಮ್ಮದೇ ಕಾಡು ಯಾಕಾಗದು? ಕೇಳಲೇಬೇಕಾದ ಪ್ರಶ್ನೆ ಇದು. ಪಶ್ಚಿಮಘಟ್ಟದಲ್ಲಿ ಆಗುಂಬೆ, ಕುದುರೆಮುಖ, ಪುಷ್ಪಗಿರಿಯ ನಿತ್ಯಹರಿದ್ವರ್ಣ ಕಾಡುಗಳಿವೆ. ಎಲೆಯ ದಟ್ಟಣೆಯಲ್ಲಿ ಅವು ಯಾರಿಗೂ ಕಡಿಮೆಯಲ್ಲ. ಆದರೆ ಘಟ್ಟ ಎಂಬುದೇ ಇಳಿಜಾರು. ರಾಡಾರಿನತ್ತ ಮುಖ ಮಾಡಿದ ಇಳಿಜಾರು ಬೆಳಗುತ್ತದೆ, ಬೆನ್ನು ತಿರುಗಿಸಿದ್ದು ಕಪ್ಪಾಗುತ್ತದೆ. ಜೊತೆಗೆ ಆ ಕಾಡು ಕೆಲವೇ ಹತ್ತು ಕಿಲೋಮೀಟರ್ ಅಗಲದ ಪಟ್ಟಿ. ಸ್ಕ್ಯಾಟರೋಮೀಟರಿನ ಒಂದು ನೋಟದೊಳಗೇ ಅಡಿಕೆ ತೋಟ, ಗದ್ದೆ, ಕಡಲತೀರ ಬೆರೆತುಹೋಗುತ್ತವೆ. ಅಮೆಜಾನ್ ಕಾಡು ಸುಮಾರು 55 ಲಕ್ಷ ಚದರ ಕಿಲೋಮೀಟರ್, ಅಂದರೆ ಇಪ್ಪತ್ತೆಂಟು ಕರ್ನಾಟಕಗಳಷ್ಟು. ಅದರ ಬಹುಭಾಗ ತಗ್ಗಾದ ಸಮನೆಲ.

ಇನ್ನು ಬಂಡೀಪುರ. ನೀಲಗಿರಿ ಮತ್ತು ಘಟ್ಟದ ಮಳೆನೆರಳಿನ ಈ ಕಾಡು ಎಲೆಯುದುರುವ ಕಾಡು. ಮತ್ತಿ, ದಿಂಡಿಗ, ತೇಗ, ಹೊನ್ನೆ ಬೇಸಗೆಗೆ ಬರಿದಾಗುತ್ತವೆ. ಫೆಬ್ರವರಿಯಲ್ಲಿ ರಾಡಾರ್ ಅಲೆ ಬೋಳು ಕೊಂಬೆಗಳ ನಡುವೆ ನೆಲ ಮುಟ್ಟುತ್ತದೆ. ಏಪ್ರಿಲ್–ಮೇ ತಿಂಗಳ ಮೊದಲ ಮಳೆಗೆ ಮಣ್ಣು ನೆನೆದರೆ ಎಲೆ ಚಿಗುರುವ ಮುನ್ನವೇ ಹಿಂಚದುರಿಕೆ ನೆಗೆಯುತ್ತದೆ. 2019ರ ಫೆಬ್ರವರಿಯ ಬೆಂಕಿಯಲ್ಲಿ ಸಾವಿರಾರು ಎಕರೆ ಕಾಡು ಸುಟ್ಟದ್ದನ್ನು ನೀವೆಲ್ಲ ಬಲ್ಲಿರಿ. ಇಷ್ಟು ಬದಲಾಗುವ ಕಾಡು ಅಳತೆಗೋಲಾಗಲಾರದು. ಆದರೆ ಅಳೆಯಿಸಿಕೊಳ್ಳಬೇಕಾದದ್ದು ಇಂಥ ಕಾಡೇ. ಬದಲಾಗದ ಕಾಡನ್ನು ಪದೇ ಪದೇ ಅಳೆದು ತಿಳಿಯುವಂಥದ್ದೇನು?

ಈಗ ತಾಳೆಯ ನಿಜವಾದ ಒಂದು ಪ್ರಸಂಗಕ್ಕೆ ಬರುತ್ತೇನೆ. ಅದರಲ್ಲಿ ನಮ್ಮ ದೇಶದ ಪಾತ್ರ ದೊಡ್ಡದು. 1999ರ ಜೂನ್‌ನಲ್ಲಿ ಹಾರಿದ ಅಮೆರಿಕದ ಕ್ವಿಕ್‌ಸ್ಕ್ಯಾಟ್ ಉಪಗ್ರಹದಲ್ಲಿ ಕೆಯು ಪಟ್ಟಿಯ ಸ್ಕ್ಯಾಟರೋಮೀಟರ್ ಇತ್ತು. ತಿರುಗುವ ತಟ್ಟೆಯಂಥ ಆಂಟೆನಾದಿಂದ ಅದು ಹತ್ತು ವರ್ಷ ಕಡಲ ಗಾಳಿ ಅಳೆಯಿತು. 2009ರ ಸೆಪ್ಟೆಂಬರ್ 23ರಂದು ಇಸ್ರೊ ಓಷನ್‌ಸ್ಯಾಟ್-2ನ್ನು ಹಾರಿಸಿತು. ಅದರಲ್ಲಿಯೂ ಅದೇ ಬಗೆಯ ಓಸ್ಕ್ಯಾಟ್ ಎಂಬ ಉಪಕರಣವಿತ್ತು. ಎರಡೂ ಜೊತೆಯಾಗಿ ದುಡಿದು ತಾಳೆಯಾಗಲೆಂದು ಎಲ್ಲರೂ ಬಯಸುತ್ತಿದ್ದಾಗ ಎರಡೇ ತಿಂಗಳಲ್ಲಿ, ಅದೇ ನವೆಂಬರ್‌ನಲ್ಲಿ, ಕ್ವಿಕ್‌ಸ್ಕ್ಯಾಟಿನ ಆಂಟೆನಾ ತಿರುಗುವುದನ್ನು ನಿಲ್ಲಿಸಿಬಿಟ್ಟಿತು.

ಆಮೇಲೆ ನಡೆದದ್ದು ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತ್ಯಂತ ಜಾಣ ಕೆಲಸ. ಆಂಟೆನಾ ತಿರುಗದಿದ್ದರೂ ರಾಡಾರ್ ಬದುಕಿತ್ತು. ಗಾಳಿಯ ನಕ್ಷೆಗೆ ಬಾರದಿದ್ದರೂ ಒಂದು ಕಿರಿದಾದ ಪಟ್ಟಿಯನ್ನು ಅದು ಸ್ಥಿರವಾಗಿ ಅಳೆಯಬಲ್ಲದು. ಕ್ವಿಕ್‌ಸ್ಕ್ಯಾಟಿನ ಎರಡು ಕಿರಣಗಳು ನೆಲಕ್ಕೆ ಬೀಳುತ್ತಿದ್ದ ಕೋನ ಸುಮಾರು 46 ಮತ್ತು 54 ಡಿಗ್ರಿ. ಓಸ್ಕ್ಯಾಟಿನವು 49 ಮತ್ತು 57. ಆದ್ದರಿಂದ ಇಡೀ ಉಪಗ್ರಹವನ್ನೇ ಓರೆ ಮಾಡಿ, ಓಸ್ಕ್ಯಾಟಿನ ಕೋನಕ್ಕೆ ಹೊಂದಿಸಿ, ಎರಡರ ಅಂಕಿಗಳನ್ನು ಹೋಲಿಸಿದರು. 2014ರ ಫೆಬ್ರವರಿಯಲ್ಲಿ ಓಸ್ಕ್ಯಾಟ್ ಕೆಲಸ ಮುಗಿಸಿತು. ಅದೇ ವರ್ಷ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಜೋಡಿಸಿದ ಇದೇ ಬಗೆಯ ಉಪಕರಣ ರ‍್ಯಾಪಿಡ್‌ಸ್ಕ್ಯಾಟ್ 2016ರ ಆಗಸ್ಟಿನಲ್ಲಿ ನಿಂತಿತು. ಮರುತಿಂಗಳೇ, ಸೆಪ್ಟೆಂಬರ್ 26ರಂದು, ಇಸ್ರೊದ ಸ್ಕ್ಯಾಟ್‌ಸ್ಯಾಟ್-1 ಮೇಲೇರಿತು. ಈ ಕೊಂಡಿಗಳ ನಡುವಿನ ತೆರವುಗಳನ್ನೆಲ್ಲ ತುಂಬಿದ್ದು ತಿರುಗದ ಆ ಹಳೆಯ ಉಪಗ್ರಹ. 2018ರ ಅಕ್ಟೋಬರ್‌ವರೆಗೂ ಅದನ್ನು ಬದುಕಿಸಿಕೊಂಡದ್ದಕ್ಕೆ ತಾಳೆಯೇ ಮುಖ್ಯ ಕಾರಣ. 2022ರ ನವೆಂಬರ್‌ನಲ್ಲಿ ಓಷನ್‌ಸ್ಯಾಟ್-3 ಈ ಸರಣಿಯನ್ನು ಮುಂದುವರಿಸಿತು.

ಕೋನ ಹೊಂದಿಸಿದ ಮೇಲೂ ಒಂದು ತೊಡಕು ಉಳಿಯಿತು. ಕ್ವಿಕ್‌ಸ್ಕ್ಯಾಟ್ ಅಮೆಜಾನನ್ನು ಹಾಯುತ್ತಿದ್ದುದು ಅಲ್ಲಿಯ ಬೆಳಿಗ್ಗೆ ಮತ್ತು ಸಂಜೆ ಆರರ ಸುಮಾರಿಗೆ. ಓಷನ್‌ಸ್ಯಾಟ್-2 ಹಾಯುತ್ತಿದ್ದುದು ನಡುಹಗಲು ಮತ್ತು ನಡುರಾತ್ರಿ. ಸ್ಕ್ಯಾಟ್‌ಸ್ಯಾಟ್ ಒಂಬತ್ತರ ಆಸುಪಾಸು. ಬದಲಾಗದ್ದೆಂದು ನಂಬಿದ್ದ ಕಾಡು ಒಂದೇ ದಿನದೊಳಗೆ ಬದಲಾಗುತ್ತದೆ! ಬೆಳಗಿನ ಜಾವ ಎಲೆಗಳ ಮೇಲೆ ಇಬ್ಬನಿ ಇರುತ್ತದೆ. ಮರಗಳು ಇರುಳೆಲ್ಲ ಬೇರಿನಿಂದ ನೀರೆಳೆದು ತುಂಬಿಕೊಂಡಿರುತ್ತವೆ. ನೀರು ಹೆಚ್ಚಿದ್ದರೆ ಹಿಂಚದುರಿಕೆಯೂ ಹೆಚ್ಚು. ಮಧ್ಯಾಹ್ನದ ಹೊತ್ತಿಗೆ ಎರಡೂ ಇಳಿಯುತ್ತವೆ. ವ್ಯತ್ಯಾಸ ಒಂದು ಡೆಸಿಬೆಲ್‌ನೊಳಗೇ. ಆದರೆ ನಾವು ಹುಡುಕುತ್ತಿರುವುದು ಐದನೇ ಒಂದು ಡೆಸಿಬೆಲ್‌ನ ತಪ್ಪನ್ನು. ಹೊತ್ತನ್ನು ಲೆಕ್ಕಿಸದೆ ಹೋಲಿಸಿದವರು ಇಬ್ಬನಿಯನ್ನು ಯಂತ್ರದ ದೋಷವೆಂದು ಬರೆದಿಡುತ್ತಿದ್ದರು.

ರ‍್ಯಾಪಿಡ್‌ಸ್ಕ್ಯಾಟಿನ ಉಪಯೋಗ ತಿಳಿದದ್ದು ಇಲ್ಲಿ. ಅಂತರಿಕ್ಷ ನಿಲ್ದಾಣದ ಕಕ್ಷೆ ಸೂರ್ಯನ ಹೊತ್ತಿಗೆ ಕಟ್ಟುಬಿದ್ದದ್ದಲ್ಲ. ಇಂದು ಬೆಳಿಗ್ಗೆ ಹಾದ ಕಡೆ ಕೆಲವು ವಾರಗಳ ಬಳಿಕ ಮಧ್ಯಾಹ್ನ ಹಾಯುತ್ತದೆ. ಹೀಗೆ ಒಂದೇ ಉಪಕರಣ ಅಮೆಜಾನನ್ನು ದಿನದ ಎಲ್ಲ ಹೊತ್ತಿನಲ್ಲೂ ನೋಡಿದ್ದರಿಂದ ಕಾಡಿನ ದಿನಚರಿಯನ್ನೇ ಒಂದು ರೇಖೆಯಾಗಿ ಬರೆಯಲು ಸಾಧ್ಯವಾಯಿತು. ಆ ರೇಖೆಯನ್ನು ಕಳೆದ ಮೇಲೆ ಉಳಿದ ವ್ಯತ್ಯಾಸವನ್ನಷ್ಟೇ ಯಂತ್ರದ ಲೆಕ್ಕಕ್ಕೆ ಬರೆಯಬಹುದು.

ದಿನದ ಬದಲಾವಣೆಗೆ ಹೀಗೊಂದು ದಾರಿ ಸಿಕ್ಕಿತು. ವರ್ಷದ ಬದಲಾವಣೆ ಇನ್ನೂ ಗಹನ. 2005ರಲ್ಲಿ ಅಮೆಜಾನಿನ ನೈಋತ್ಯ ಭಾಗಕ್ಕೆ ತೀವ್ರ ಬರ ಬಂತು. ಕ್ವಿಕ್‌ಸ್ಕ್ಯಾಟಿನ ದಾಖಲೆಯನ್ನು ಮತ್ತೆ ಬಿಡಿಸಿ ನೋಡಿದ ಸಂಶೋಧಕರಿಗೆ ಆ ಭಾಗದ ಹಿಂಚದುರಿಕೆ ಕುಸಿದಿರುವುದು, ವಿಶೇಷವಾಗಿ ಬೆಳಗಿನ ನೋಟಗಳಲ್ಲಿ, ಕಂಡಿತು. ಮುಂದಿನ ವರ್ಷಗಳಲ್ಲಿ ಮಳೆ ಮರಳಿದರೂ 2009ರಲ್ಲಿ ದಾಖಲೆ ಮುಗಿಯುವವರೆಗೆ ಅದು ಪೂರ್ತಿ ಚೇತರಿಸಿಕೊಂಡಿರಲಿಲ್ಲ ಎಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ದೊಡ್ಡ ಮರಗಳು ಒಣಗಿ, ಮೇಲಾವರಣ ತೆಳುವಾದದ್ದರ ಗುರುತು ಅದು ಎಂಬುದು ಅವರ ವಾದ. ಯಾವ ಕಾಡನ್ನು ಸ್ಥಿರ ಎಂದು ಭಾವಿಸಿ ಯಂತ್ರಗಳಿಗೆ ಮುದ್ರೆ ಒತ್ತಲಾಗುತ್ತಿತ್ತೋ ಆ ಕಾಡೇ ನಾಲ್ಕು ವರ್ಷ ಸೊರಗಿತ್ತು.

ತರ್ಕದ ದೃಷ್ಟಿಯಿಂದ ಇದು ಬಿಗಿಯಾದ ಗಂಟು. ಸಂಖ್ಯೆ ಇಳಿಯಿತು. ಇಳಿದದ್ದು ಯಂತ್ರವೋ ಕಾಡೋ? ಯಂತ್ರವನ್ನು ಅಳೆಯಲು ಕಾಡನ್ನು ಬಳಸಿ, ಅದೇ ಯಂತ್ರದಿಂದ ಕಾಡನ್ನು ಅಳೆದರೆ ಅದು ತನ್ನ ಸಾಕ್ಷಿಯನ್ನು ತಾನೇ ಹೇಳಿಕೊಂಡಂತಾಗುವುದಿಲ್ಲವೆ?

ಗಂಟು ಬಿಚ್ಚುವುದು ಸ್ಥಳದ ವಿನ್ಯಾಸದಿಂದ. ಯಂತ್ರ ದುರ್ಬಲವಾದರೆ ಇಳಿಕೆ ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಕಾಣಬೇಕು: ಅಮೆಜಾನಿನ ಈಶಾನ್ಯದಲ್ಲೂ, ಆಫ್ರಿಕದ ಕಾಂಗೊ ಮಳೆಕಾಡಿನಲ್ಲೂ, ಹಿಮದ ಹಾಳೆಯ ಮೇಲೂ, ಇಡೀ ಕಡಲಿನ ಸರಾಸರಿಯಲ್ಲೂ. ಬರದಿಂದಾದ ಇಳಿಕೆ ಬರ ಬಿದ್ದ ಕಡೆ ಮಾತ್ರ ಇರುತ್ತದೆ. ಮಳೆಯ ಲೆಕ್ಕದ ನಕ್ಷೆಯೊಂದಿಗೆ ಅದರ ಅಂಚುಗಳು ಕೂಡಿಬರುತ್ತವೆ. 2005ರ ಇಳಿಕೆ ನೈಋತ್ಯಕ್ಕೆ ಸೀಮಿತವಾಗಿದ್ದುದರಿಂದಲೇ ಅದು ಕಾಡಿನದು ಎಂದು ಹೇಳಲು ಸಾಧ್ಯವಾಯಿತು. ಒಂದೇ ಅಳತೆಗೋಲನ್ನು ಕುರುಡಾಗಿ ನಂಬುವ ಬದಲು, ಹಲವು ಕಡೆಯ ಅಪೂರ್ಣ ಅಳತೆಗೋಲುಗಳನ್ನು ಒಂದಕ್ಕೊಂದು ಸಾಕ್ಷಿ ನಿಲ್ಲಿಸುವುದು ಈಗಿನ ಪದ್ಧತಿ. ಅಮೆಜಾನಿನೊಳಗೂ ನದಿ, ರಸ್ತೆ, ಕಡಿದ ಅಂಚುಗಳನ್ನು ಬಿಟ್ಟು ಒಳಗಿನ ಅಖಂಡ ತುಂಡುಗಳನ್ನಷ್ಟೇ ಆರಿಸುತ್ತಾರೆ. ಕಾಡು ಕಡಿದಂತೆ ಆ ತುಂಡುಗಳ ನಕ್ಷೆಯನ್ನೂ ಮತ್ತೆ ಮತ್ತೆ ತಿದ್ದಬೇಕಾಗುತ್ತದೆ. 2023ರಲ್ಲಿ ಮನೌಸ್ ನಗರದ ಬಳಿ ನೀಗ್ರೊ ನದಿ ಒಂದು ಶತಮಾನಕ್ಕೂ ಮಿಕ್ಕಿದ ದಾಖಲೆಯಲ್ಲೇ ಕನಿಷ್ಠ ಮಟ್ಟಕ್ಕೆ ಇಳಿದು, 2024ರಲ್ಲಿ ಇನ್ನೂ ಕೆಳಗಿಳಿಯಿತು. ಮುಂದಿನ ದಶಕದ ಎಂಜಿನಿಯರುಗಳಿಗೆ ಈ ಕೆಲಸ ಸುಲಭವಾಗುವ ಲಕ್ಷಣವಿಲ್ಲ.

ಸಭಿಕರೆ, ಇದೆಲ್ಲ ನಮ್ಮ ಸೀಮೆಗೆ ಹೇಗೆ ಅನ್ವಯಿಸುತ್ತದೆ? ನಿಸಾರ್ ಉಪಗ್ರಹದಲ್ಲಿ ಎರಡು ರಾಡಾರ್‌ಗಳಿವೆ. ಎಲ್ ಪಟ್ಟಿಯದು ಅಮೆರಿಕದ ನಾಸಾ ಕೊಟ್ಟದ್ದು. ಎಸ್ ಪಟ್ಟಿಯದು ಅಹಮದಾಬಾದಿನ ಅಂತರಿಕ್ಷ ಉಪಯೋಗ ಕೇಂದ್ರದ್ದು. ಎರಡನ್ನೂ ಉಪಗ್ರಹದೊಡನೆ ಕೂಡಿಸಿದ್ದು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ಎರಡಕ್ಕೂ ಒಂದೇ ಹನ್ನೆರಡು ಮೀಟರ್ ವ್ಯಾಸದ ಜಾಲರಿ ಆಂಟೆನಾ. ಎಲ್ ಪಟ್ಟಿಯ ಅಲೆ ಕಾಂಡದವರೆಗೆ ಇಳಿಯುವುದರಿಂದ ಕಾಡಿನ ಮರದ ತೂಕವನ್ನು ಅಂದಾಜಿಸಬಹುದು. ಆದರೆ ಎಲ್ ಪಟ್ಟಿಗೂ ಮಿತಿಯಿದೆ: ಹೆಕ್ಟೇರಿಗೆ ಸುಮಾರು ನೂರು ಟನ್ ದಾಟಿದರೆ ಹಿಂಚದುರಿಕೆ ಏರುವುದು ನಿಧಾನವಾಗಿ, ಸಂಖ್ಯೆ ತಟಸ್ಥವಾಗುತ್ತದೆ. ಆಗುಂಬೆಯ ಕಾಡು ಈ ಮಿತಿಯಾಚೆಯದು. ನಮ್ಮ ಒಣಕಾಡಿನ ಹಲವು ಭಾಗಗಳು ಮಿತಿಯೊಳಗೋ ಅದರ ಅಂಚಿನಲ್ಲೋ ಇವೆ. ಯಾರೂ ಮಳೆಕಾಡಿನಷ್ಟು ಹೊಗಳದ ಬಂಡೀಪುರದಂಥ ಕಾಡಿಗೇ ಈ ಉಪಗ್ರಹ ಹೆಚ್ಚು ಒದಗುತ್ತದೆ ಎಂಬುದು ನನಗೆ ಸಂತೋಷದ ಸಂಗತಿ.

ಹಿಂಚದುರಿಕೆಯನ್ನು ಟನ್ನಿಗೆ ಪರಿವರ್ತಿಸಲು ನೆಲದ ಮೇಲೆ ಟೇಪು ಹಿಡಿದು ಅಳೆದ ಲೆಕ್ಕ ಬೇಕು. ಅಂಥ ಲೆಕ್ಕ ನಮ್ಮ ನೆರೆಯಲ್ಲೇ ಇದೆ. ಮೋಯಾರ್ ಆಚೆಯ ಮುದುಮಲೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಿಂದ ಐವತ್ತು ಹೆಕ್ಟೇರಿನ ಒಂದು ತುಂಡನ್ನು ಗುರುತಿಸಿ, ಒಂದು ಸೆಂಟಿಮೀಟರ್ ದಪ್ಪದ ಗಿಡದವರೆಗೆ ಎಲ್ಲವಕ್ಕೂ ಸಂಖ್ಯೆ ಕೊಟ್ಟು ಹುಟ್ಟು, ಸಾವು, ಬೆಳವಣಿಗೆ ದಾಖಲಿಸುತ್ತಿದ್ದಾರೆ. ಬಿಳಿಗಿರಿರಂಗನ ಬೆಟ್ಟದಲ್ಲೂ ದೀರ್ಘಕಾಲದ ಸಮೀಕ್ಷೆಗಳು ನಡೆದಿವೆ. ಲಂಟಾನ ಎಂಬ ಪೊದೆ ಹೇಗೆ ಹಬ್ಬಿತೆಂಬುದು ಅವುಗಳಿಂದ ಗೊತ್ತಾಗಿದೆ. ಈ ಲಂಟಾನದ ಬಗ್ಗೆ ಒಂದು ಎಚ್ಚರಿಕೆ. ಗಿಡ್ಡ ಅಲೆಯ ರಾಡಾರ್‌ಗೆ ದಟ್ಟ ಲಂಟಾನದ ಪೊದೆಯೂ ಚದುರಿಸುವ ಹಸಿರೇ. ಮರ ಸತ್ತು ಪೊದೆ ತುಂಬಿದ ಕಡೆ ಸಂಖ್ಯೆ ಅಷ್ಟಾಗಿ ಇಳಿಯದೆ ಕಾಡು ಕ್ಷೇಮವೆಂದು ತೋರಬಹುದು. ಆ ಬೆಟ್ಟದಲ್ಲಿ ಬಾಳುವ ಸೋಲಿಗರು ಒಂದು ಸುತ್ತು ಹೋಗಿ ಬಂದು ಹೇಳುವುದನ್ನು ಆಗ ಉಪಗ್ರಹ ಹೇಳಲಾರದು. ಎರಡು ಅಲೆಯುದ್ದಗಳನ್ನು ಒಟ್ಟಿಗೆ ಓದಿದರೆ ಮರ ಯಾವುದು, ಪೊದೆ ಯಾವುದು ಎಂದು ಬೇರ್ಪಡಿಸುವ ಸಾಧ್ಯತೆ ಹೆಚ್ಚು.

ನಿಸಾರ್ ದತ್ತಾಂಶ ಎಲ್ಲರಿಗೂ ಮುಕ್ತವಾಗಿ ಸಿಗುತ್ತದೆ. ಕಾಲೇಜಿನ ವಿದ್ಯಾರ್ಥಿಗಳೂ ಅದನ್ನು ತೆರೆದು ನೋಡಬಹುದು. ಹಾಗೆ ನೋಡುವವರು ಇಳಿಜಾರಿನ ತಿದ್ದುಪಡಿಯಾದ ಗ್ಯಾಮಾ ನಾಟನ್ನೇ ಬಳಸಲಿ. ಗೋಪಾಲಸ್ವಾಮಿ ಬೆಟ್ಟದ ಎರಡು ಮಗ್ಗುಲುಗಳನ್ನು ಸಿಗ್ಮಾ ನಾಟ್‌ನಲ್ಲಿ ಹೋಲಿಸಿದರೆ ಕಾಣುವುದು ಕಾಡಲ್ಲ, ಬೆಟ್ಟದ ಆಕಾರ. ಹೋಲಿಸುವುದಾದರೆ ಒಂದೇ ದಾರಿಯ ನೋಟಗಳನ್ನು, ಫೆಬ್ರವರಿಗೆ ಫೆಬ್ರವರಿಯನ್ನು, ಬೆಳಗಿಗೆ ಬೆಳಗನ್ನು ಹೋಲಿಸಬೇಕು. ನಿಸಾರ್ ಹಾಯುವುದು ಬೆಳಿಗ್ಗೆ ಮತ್ತು ಸಂಜೆ ಆರರ ಸುಮಾರಿಗೆ. ಬೆಟ್ಟದ ಮೇಲಿನ ಮಂಜು, ಹೊಲದ ಇಬ್ಬನಿ ಬೆಳಗಿನ ಸಂಖ್ಯೆಯಲ್ಲಿ ಸೇರಿಕೊಂಡಿರುತ್ತವೆ. ಹಿಂದಿನ ದಿನ ಮಳೆಯಾಗಿತ್ತೆ ಎಂಬುದನ್ನು ಪಕ್ಕದ ಮಳೆಮಾಪಕದಿಂದ ತಿಳಿದು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಎಸ್ ಪಟ್ಟಿಯ ವಿಚಾರ ಉಳಿಯಿತು. ಸಿ ಪಟ್ಟಿಗೆ ಅಮೆಜಾನಿನ ಮೇಲೆ ಮೂರು ದಶಕಗಳ ಅವಿಚ್ಛಿನ್ನ ದಾಖಲೆಯಿದೆ. ಎಲ್ ಪಟ್ಟಿಗೆ ಜಪಾನಿನ ಉಪಗ್ರಹಗಳು 1992ರಿಂದ ಬೀಳುಬಿಟ್ಟಾದರೂ ಬುನಾದಿ ಹಾಕಿವೆ. ಸುಮಾರು ಒಂಬತ್ತು–ಹತ್ತು ಸೆಂಟಿಮೀಟರಿನ ಎಸ್ ಪಟ್ಟಿ ಬಹುಮಟ್ಟಿಗೆ ಖಾಲಿ ಪುಟ: 1991ರ ಸೋವಿಯತ್ ಒಕ್ಕೂಟದ ಅಲ್ಮಾಜ್, ಚೀನಾದ ಒಂದು ಪ್ರಯತ್ನ, 2018ರಲ್ಲಿ ನಮ್ಮದೇ ಪಿಎಸ್‌ಎಲ್‌ವಿ ಹೊತ್ತೊಯ್ದ ಬ್ರಿಟನ್ನಿನ ನೋವಾಸಾರ್ ಬಿಟ್ಟರೆ ಹೇಳಿಕೊಳ್ಳುವಂಥದ್ದಿಲ್ಲ. ಆದ್ದರಿಂದ ಈ ಅಲೆಯಲ್ಲಿ ಮಳೆಕಾಡು ಎಷ್ಟು ಸ್ಥಿರ, ಅದರ ದಿನಚರಿ ಏನು, ಬರದಲ್ಲಿ ಅದು ಎಷ್ಟು ಕುಗ್ಗುತ್ತದೆ ಎಂಬ ಮೊದಲ ದೀರ್ಘ ದಾಖಲೆ ಭಾರತದ ಉಪಕರಣದಿಂದಲೇ ಆಗಬೇಕಿದೆ. ಬಂಡೀಪುರಕ್ಕೆ ಎಸ್ ಪಟ್ಟಿ ಕೊಡುವ ಅಂಕಿಗಳನ್ನು ಮೊದಲ ಕೆಲವು ವರ್ಷ ಎಲ್ ಪಟ್ಟಿಯ ಅಂಕಿಗಳ ಪಕ್ಕದಲ್ಲಿಟ್ಟು, ಮುದುಮಲೆಯ ಮರಗಳ ಲೆಕ್ಕದೊಂದಿಗೆ ತಾಳೆ ನೋಡಿಕೊಂಡೇ ಓದಬೇಕು.